13 ವಾರಕ್ಕೊಂದು ಲ್ಯಾಬ್: ಅಮೆರಿಕದಲ್ಲಿ ಟ್ರಾವೆಲ್ ಟೆಕ್ ಆಗಲು ಹೊರಟವರಿಗೆ

ಅಮೆರಿಕದ ಆಸ್ಪತ್ರೆ ಲ್ಯಾಬುಗಳಲ್ಲಿ ಜನ ಸಾಲುವುದಿಲ್ಲ ಅನ್ನುವುದು ಹಳೆಯ ಮಾತು. ಯಾರೋ ಹೆರಿಗೆ ರಜೆಗೆ ಹೋಗುತ್ತಾರೆ, ರಾತ್ರಿ ಪಾಳಿಯವರು ಕೆಲಸ ಬಿಡುತ್ತಾರೆ, ಹೊಸ ಸಾಫ್ಟ್‌ವೇರ್ ಹಾಕುವ ಹೊತ್ತಿಗೆ ಸರಿಯಾಗಿ ಇಬ್ಬರು ನಿವೃತ್ತರಾಗುತ್ತಾರೆ. ಆಗ ಏಜೆನ್ಸಿ ಮೂಲಕ ಒಬ್ಬ ಟೆಕ್ನಾಲಜಿಸ್ಟನ್ನು ಸಾಮಾನ್ಯವಾಗಿ 13 ವಾರಕ್ಕೆ ಕರೆಸಿಕೊಳ್ಳುತ್ತಾರೆ. ಇವರೇ ಟ್ರಾವೆಲ್ ಟೆಕ್. ಬಾಡಿಗೆ, ಊಟಕ್ಕೆ ಬೇರೆ ದುಡ್ಡು ಕೊಡುತ್ತಾರೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಚೆನ್ನಾಗಿಯೇ ಇದೆ. ಆದರೆ ರಿಕ್ರೂಟರ್ ಫೋನಿನಲ್ಲಿ ಹೇಳುವ ವಾರದ ಸಂಬಳವನ್ನೇ ನೋಡಿ ಹೊರಟರೆ ಕೆಲವು ಲೆಕ್ಕ ತಪ್ಪುತ್ತದೆ. ಇಲ್ಲಿ ಈಗಾಗಲೇ ಬೆಂಚ್ ಕೆಲಸ ಮಾಡುತ್ತಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಊರಲ್ಲಿ ಬಿಎಸ್ಸಿ ಎಂಎಲ್‌ಟಿ ಮುಗಿಸಿ ಈ ಕಡೆ ನೋಡುತ್ತಿರುವವರೂ ಓದಬಹುದು, ಅವರಿಗೆ ಮೊದಲ ಎರಡು ಭಾಗ ಮುಖ್ಯ.

ಮೊದಲು ವೀಸಾ

ಟ್ರಾವೆಲ್ ಕೆಲಸ ನೆಮ್ಮದಿಯಾಗಿ ಮಾಡಬೇಕು ಅಂದರೆ ಗ್ರೀನ್ ಕಾರ್ಡ್, ಪೌರತ್ವ ಅಥವಾ ಯಾವ ಕಂಪನಿಯಲ್ಲಾದರೂ ದುಡಿಯಲು ಬಿಡುವ ಇಎಡಿ (ಕೆಲಸದ ಪರವಾನಗಿ ಕಾರ್ಡ್) ಇರಬೇಕು. ಗಂಡ ಅಥವಾ ಹೆಂಡತಿ ಎಚ್-1ಬಿ ಮೇಲಿದ್ದು, ಅವರ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತಕ್ಕೆ ಬಂದಿದ್ದರೆ ಸಿಗುವ ಎಚ್-4 ಇಎಡಿ 2015ರಿಂದ ಇದೆ. ಅದು ಸಾಕು. ಆದರೆ ಕಾರ್ಡಿನ ಕೊನೆಯ ದಿನಾಂಕ ಕಾಂಟ್ರಾಕ್ಟಿನ ಮಧ್ಯೆ ಬೀಳುತ್ತದಾ ಅಂತ ನೋಡಿಕೊಳ್ಳಿ.

ನಿಮ್ಮದೇ ಎಚ್-1ಬಿ ಆದರೆ ಕಷ್ಟ. ಆ ವೀಸಾ ಉದ್ಯೋಗದಾತರಿಗೂ ಕೆಲಸದ ಜಾಗಕ್ಕೂ ಅಂಟಿಕೊಂಡಿರುತ್ತದೆ. ಬೇರೆ ಮೆಟ್ರೋ ಪ್ರದೇಶದ ಆಸ್ಪತ್ರೆಗೆ ಹೋಗಬೇಕಾದರೆ ತಿದ್ದುಪಡಿ ಅರ್ಜಿ ಹಾಕಬೇಕು. ಮೂರು ತಿಂಗಳಿಗೊಮ್ಮೆ ಆ ಖರ್ಚು, ಆ ತಲೆನೋವು ಯಾವ ಏಜೆನ್ಸಿಗೆ ಬೇಕು?

ಇಂಡಿಯಾದಿಂದ ನೇರವಾಗಿ ಟ್ರಾವೆಲ್ ಟೆಕ್ ಆಗಿ ಬರುತ್ತೇನೆ ಅನ್ನುವವರಿಗೂ ಇದೇ ಉತ್ತರ. ಬರುವ ದಾರಿ ಇದೆ, ಆದರೆ ಅದು ಒಂದೇ ಆಸ್ಪತ್ರೆಯ ಖಾಯಂ ಕೆಲಸದ ದಾರಿ. ಅದಕ್ಕೂ 1996ರ ಕಾಯ್ದೆಯ ಪ್ರಕಾರ ವೀಸಾಸ್ಕ್ರೀನ್ ಅನ್ನುವ ಪ್ರಮಾಣಪತ್ರ ಬೇಕು. ನರ್ಸುಗಳಿಗೆ ಮಾತ್ರ ಅದು ಬೇಕು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಲ್ಯಾಬ್ ಟೆಕ್ನಾಲಜಿಸ್ಟುಗಳೂ ಆ ಪಟ್ಟಿಯಲ್ಲಿದ್ದಾರೆ.

ಸರ್ಟಿಫಿಕೇಟು ಒಂದು, ಲೈಸೆನ್ಸು ಇನ್ನೊಂದು

ಏಜೆನ್ಸಿಗಳು ಕೇಳುವುದು ಹೆಚ್ಚಾಗಿ ಲ್ಯಾಬ್ ಕೆಲಸದವರಿಗೆ ಪರೀಕ್ಷೆ ನಡೆಸುವ ಸಂಸ್ಥೆಯಾದ ಎಎಸ್‌ಸಿಪಿ ಸರ್ಟಿಫಿಕೇಟನ್ನು. ಎಂಎಲ್‌ಎಸ್ (ಲ್ಯಾಬ್ ಸೈಂಟಿಸ್ಟ್) ಪರೀಕ್ಷೆಯಲ್ಲಿ 100 ಪ್ರಶ್ನೆ, ಎರಡೂವರೆ ಗಂಟೆ ಸಮಯ. ನೀವು ಸರಿಯಾಗಿ ಉತ್ತರಿಸಿದಷ್ಟೂ ಮುಂದಿನ ಪ್ರಶ್ನೆ ಕಷ್ಟವಾಗುತ್ತಾ ಹೋಗುವ ಪರೀಕ್ಷೆ ಅದು. ಪಾಸಾಗಲು 400 ಅಂಕ. ಪ್ರತಿ 3 ವರ್ಷಕ್ಕೆ ನವೀಕರಿಸಬೇಕು, ಅದಕ್ಕೆ ಮುಂದುವರಿದ ಕಲಿಕೆಯ 36 ಪಾಯಿಂಟ್ ಬೇಕು. ಟ್ರಾವೆಲರ್‌ಗೆ ಈ ಪಾಯಿಂಟುಗಳನ್ನು ನೆನಪಿಸುವ ಮೇಲಧಿಕಾರಿ ಯಾರೂ ಇರುವುದಿಲ್ಲ, ನೀವೇ ಕ್ಯಾಲೆಂಡರಿನಲ್ಲಿ ಹಾಕಿಟ್ಟುಕೊಳ್ಳಿ.

ಇಂಡಿಯಾದ ಡಿಗ್ರಿ ಇದ್ದರೆ ಅದರ ಮೌಲ್ಯಮಾಪನ ಮಾಡಿಸಿರಬೇಕು. ಸಿಎಲ್‌ಐಎ (ಲ್ಯಾಬುಗಳಿಗೆ ಇರುವ ಕೇಂದ್ರ ಸರ್ಕಾರದ ಕಾಯ್ದೆ) ನಿಯಮದ ಪ್ರಕಾರ ಟೆಸ್ಟ್ ಮಾಡುವವರ ವಿದ್ಯಾರ್ಹತೆಯ ದಾಖಲೆ ಲ್ಯಾಬಿನ ಫೈಲಿನಲ್ಲಿ ಇರಲೇಬೇಕು. ಎಎಸ್‌ಸಿಪಿ ಕಾರ್ಡ್ ತೋರಿಸಿದರೆ ಸಾಕು ಅಂದುಕೊಳ್ಳಬೇಡಿ, ಆ ಮೌಲ್ಯಮಾಪನದ ರಿಪೋರ್ಟನ್ನೂ ಕೇಳುತ್ತಾರೆ. ಸ್ಕ್ಯಾನ್ ಮಾಡಿ ಫೋನಿನಲ್ಲೇ ಇಟ್ಟುಕೊಂಡಿರಿ.

ಇನ್ನು ಲೈಸೆನ್ಸು. ಬಹುಪಾಲು ರಾಜ್ಯಗಳಲ್ಲಿ ಪ್ರತ್ಯೇಕ ಲೈಸೆನ್ಸ್ ಬೇಡ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಫ್ಲೋರಿಡಾ, ನೆವಾಡಾ, ಲೂಸಿಯಾನಾ ಮುಂತಾದ ಕೆಲವು ಕಡೆ ಬೇಕು. ನರ್ಸುಗಳಿಗೆ ಹಲವು ರಾಜ್ಯಗಳಲ್ಲಿ ಒಂದೇ ಲೈಸೆನ್ಸ್ ನಡೆಯುವ ಒಪ್ಪಂದ ಇದೆ, ನಮಗೆ ಆ ಅದೃಷ್ಟ ಇಲ್ಲ. ಕ್ಯಾಲಿಫೋರ್ನಿಯಾದ ಲೈಸೆನ್ಸ್ ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯಬಹುದು. ಒಳ್ಳೆಯ ಕಾಂಟ್ರಾಕ್ಟ್ ಕಂಡ ಮೇಲೆ ಅರ್ಜಿ ಹಾಕುತ್ತೇನೆ ಅಂದರೆ ಆಗುವುದಿಲ್ಲ. ಆ ರಾಜ್ಯಕ್ಕೆ ಹೋಗುವ ಮನಸ್ಸಿದ್ದರೆ ಖಾಯಂ ಕೆಲಸದಲ್ಲಿ ಇರುವಾಗಲೇ ಹಾಕಿಬಿಡಿ. ದುಡ್ಡೂ ಅಲ್ಲೇ ಜಾಸ್ತಿ, ಯಾಕೆ ಜಾಸ್ತಿ ಅಂತ ಬಾಡಿಗೆ ನೋಡಿದಾಗ ಗೊತ್ತಾಗುತ್ತದೆ.

ಯಾವಾಗ ಹೊರಡಬೇಕು

ಒಂದೇ ಕಡೆ ಎರಡು ವರ್ಷವಾದರೂ ದುಡಿಯದೆ ಹೊರಡಬೇಡಿ. ಒಂದು ವರ್ಷಕ್ಕೇ ಕಳಿಸುವ ಏಜೆನ್ಸಿಗಳೂ ಇವೆ. ಕಳಿಸುವವರು ಅವರು, ರಾತ್ರಿ ಎರಡು ಗಂಟೆಗೆ ಬ್ಲಡ್ ಬ್ಯಾಂಕಿನಲ್ಲಿ ಒಬ್ಬರೇ ನಿಲ್ಲುವವರು ನೀವು.

ಇದು ಉತ್ಪ್ರೇಕ್ಷೆ ಅಲ್ಲ. ಹಳ್ಳಿಗಾಡಿನಲ್ಲಿ ಕ್ರಿಟಿಕಲ್ ಆಕ್ಸೆಸ್ ಆಸ್ಪತ್ರೆ ಅಂತ ಇರುತ್ತವೆ, ಅಲ್ಲಿ ಹೆಚ್ಚೆಂದರೆ 25 ಹಾಸಿಗೆ. ಅಂಥ ಕಡೆ ರಾತ್ರಿ ಲ್ಯಾಬಿನಲ್ಲಿ ಒಬ್ಬರೇ ಟೆಕ್ ಇರುವುದು ಮಾಮೂಲು. ಸಿಬಿಸಿ, ಟ್ರೋಪೋನಿನ್, ಯೂರಿನ್, ಪಿಟಿ, ಕ್ರಾಸ್‌ಮ್ಯಾಚ್ ಎಲ್ಲ ನಿಮ್ಮದೇ. ಕೆಲವು ಕಡೆ ರಕ್ತ ತೆಗೆಯುವುದೂ ನಿಮ್ಮದೇ. ದೊಡ್ಡ ಆಸ್ಪತ್ರೆಯಲ್ಲಿ ಬರೀ ಕೆಮಿಸ್ಟ್ರಿ ನೋಡಿಕೊಂಡವರಿಗೆ ಇದು ಬೇರೆಯದೇ ಲೋಕ. ಹಾಗಾಗಿ ಹೊರಡುವ ಮುಂಚೆ ಬ್ಲಡ್ ಬ್ಯಾಂಕ್ ಕೈಯನ್ನು ಚೆನ್ನಾಗಿ ಪಳಗಿಸಿಕೊಳ್ಳಿ. ಮೈಕ್ರೋಬಯಾಲಜಿ ಬಂದರೆ ಇನ್ನೂ ಒಳ್ಳೆಯದು, ಕಲ್ಚರ್ ಪ್ಲೇಟ್ ಓದಬಲ್ಲವರು ಕಡಿಮೆ, ಬೇಡಿಕೆ ಜಾಸ್ತಿ.

ರೆಸ್ಯೂಮೆಯಲ್ಲಿ ಮೆಷೀನುಗಳ ಹೆಸರು ಬಿಡಿಸಿ ಬರೆಯಿರಿ. "ಹೆಮಟಾಲಜಿ ಅನಲೈಸರ್ ಅನುಭವ" ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಸಿಸ್‌ಮೆಕ್ಸ್ ಎಕ್ಸ್‌ಎನ್, ರೋಶ್ ಕೋಬಾಸ್, ಅಬಾಟ್ ಅಲಿನಿಟಿ, ವಿಟ್ರೋಸ್, ಸ್ಟಾಗೋ, ಆರ್ಥೋ ವಿಷನ್, ವೈಟೆಕ್, ಯಾವುದು ಗೊತ್ತೋ ಅದು. ಜೊತೆಗೆ ಲ್ಯಾಬ್ ಸಾಫ್ಟ್‌ವೇರ್: ಎಪಿಕ್ ಬೀಕರ್, ಸರ್ನರ್, ಮೆಡಿಟೆಕ್, ಸನ್‌ಕ್ವೆಸ್ಟ್. ಮ್ಯಾನೇಜರ್ ಮೊದಲು ಕಣ್ಣಾಡಿಸುವುದೇ ಇವುಗಳ ಮೇಲೆ.

ವಾರಕ್ಕೆ ಇಷ್ಟು ಅಂದಾಗ ಕೇಳಬೇಕಾದ್ದು

ರಿಕ್ರೂಟರ್ "ವಾರಕ್ಕೆ 2,000 ಡಾಲರ್" ಅಂದರು ಅಂತ ಇಟ್ಟುಕೊಳ್ಳಿ. ಇದು ಲೆಕ್ಕ ತೋರಿಸಲು ನಾನು ಹಿಡಿದ ಅಂಕಿ ಅಷ್ಟೇ. ಇದರಲ್ಲಿ ಎರಡು ಭಾಗ ಇರುತ್ತದೆ. ಗಂಟೆಗೆ 22 ಡಾಲರಿನಂತೆ 40 ಗಂಟೆಗೆ 880 ಡಾಲರ್ ತೆರಿಗೆ ಬೀಳುವ ಸಂಬಳ. ಉಳಿದ 1,120 ಡಾಲರ್ ಮನೆ ಬಾಡಿಗೆಗೆ, ಊಟಕ್ಕೆ ಅಂತ ಕೊಡುವ ಸ್ಟೈಪೆಂಡ್, ಅದಕ್ಕೆ ತೆರಿಗೆ ಇಲ್ಲ. ಒಟ್ಟು ನೋಡಿದರೆ ಗಂಟೆಗೆ 50 ಬಿದ್ದ ಹಾಗೆ. ಈಗ ಓವರ್‌ಟೈಮ್ ಮಾಡಿದಿರಿ. ಒಂದೂವರೆ ಪಟ್ಟು ಅಂದರೆ 75 ಬರುತ್ತದೆ ಅಂದುಕೊಂಡಿರುತ್ತೀರಿ. ಬರುವುದು 22ರ ಒಂದೂವರೆ ಪಟ್ಟು, 33 ಡಾಲರ್! ಮಾಮೂಲಿ ಗಂಟೆಗಿಂತ ಓವರ್‌ಟೈಮ್ ಗಂಟೆಗೇ ಕಡಿಮೆ. ಅದಕ್ಕೇ ತೆರಿಗೆ ಬೀಳುವ ದರ ಎಷ್ಟು, ಓವರ್‌ಟೈಮ್ ದರ ಎಷ್ಟು ಅಂತ ಬಿಡಿಬಿಡಿಯಾಗಿ ಇ-ಮೇಲಿನಲ್ಲಿ ಬರೆಸಿಕೊಳ್ಳಿ. ಓವರ್‌ಟೈಮಿಗೆ ಬೇರೆ ದರ ಚೌಕಾಸಿ ಮಾಡಬಹುದು, ಕೇಳಿದವರಿಗೆ ಕೊಡುತ್ತಾರೆ.

ಇದರಲ್ಲಿ ಕಾನೂನಿನ ಒಂದು ಎಳೆಯೂ ಇದೆ. ನೀವು ಗಂಟೆ ಕಡಿಮೆ ಮಾಡಿದರೆ ಸ್ಟೈಪೆಂಡನ್ನೂ ಆ ಪ್ರಮಾಣದಲ್ಲಿ ಕತ್ತರಿಸುವ ಪದ್ಧತಿ ಕೆಲವು ಏಜೆನ್ಸಿಗಳಲ್ಲಿ ಇದೆ. ಹಾಗೆ ಗಂಟೆಗೆ ತಕ್ಕಂತೆ ಏರಿಳಿಯುವ ಸ್ಟೈಪೆಂಡ್ ನಿಜಕ್ಕೂ ಸಂಬಳವೇ, ಓವರ್‌ಟೈಮ್ ಲೆಕ್ಕಕ್ಕೆ ಅದನ್ನೂ ಸೇರಿಸಬೇಕು ಅಂತ 2021ರಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಟ್ರಾವೆಲ್ ನರ್ಸುಗಳ ಮೊಕದ್ದಮೆಯೊಂದರಲ್ಲಿ ಹೇಳಿತು. ಕ್ಯಾಲಿಫೋರ್ನಿಯಾ, ನೆವಾಡಾ, ವಾಷಿಂಗ್ಟನ್ ಇವೆಲ್ಲ ಆ ಕೋರ್ಟಿನ ವ್ಯಾಪ್ತಿಗೆ ಬರುತ್ತವೆ. ನಿಮ್ಮ ಕಾಂಟ್ರಾಕ್ಟಿನಲ್ಲಿ ಅಂಥ ಸಾಲು ಇದ್ದರೆ ಸುಮ್ನೆ ಸಹಿ ಹಾಕಬೇಡಿ.

ಗ್ಯಾರಂಟಿ ಗಂಟೆ ಇದೆಯಾ ಅನ್ನುವುದು ನನ್ನ ಮಟ್ಟಿಗೆ ಸಂಬಳಕ್ಕಿಂತ ದೊಡ್ಡ ಪ್ರಶ್ನೆ. ಕೆಲಸ ಕಡಿಮೆ ಇದೆ, ಇವತ್ತು ಬರಬೇಡಿ ಅಂತ ಆಸ್ಪತ್ರೆಯವರು ಫೋನ್ ಮಾಡಬಹುದು. ಗ್ಯಾರಂಟಿ ಇದ್ದರೆ ದುಡ್ಡು ಬರುತ್ತದೆ, ಇಲ್ಲದಿದ್ದರೆ ಬಾಡಿಗೆ ಮಾತ್ರ ಓಡುತ್ತಿರುತ್ತದೆ. ಗ್ಯಾರಂಟಿ ಇದ್ದರೂ "ಎರಡು ವಾರದ ಅವಧಿಯಲ್ಲಿ ಒಂದು ಪಾಳಿ ರದ್ದು ಮಾಡಬಹುದು" ಎಂಬಂಥ ಸಾಲು ಅಡಗಿರುತ್ತದೆ, ಹುಡುಕಿ. ಹಾಗೆಯೇ ಪಾಳಿ. ನನಗೆ ಒಂದು ಕಡೆ ಹಗಲು ಅಂತ ಹೇಳಿ, ಹೋದ ಎರಡನೇ ವಾರಕ್ಕೆ ರಾತ್ರಿಗೆ ಹಾಕಲು ನೋಡಿದರು. ಪಾಳಿಯ ಗಂಟೆಗಳನ್ನು ಕಾಂಟ್ರಾಕ್ಟಿನಲ್ಲೇ ಬರೆಸಿದ್ದರಿಂದ ರಿಕ್ರೂಟರ್ ಒಂದು ಫೋನಿನಲ್ಲಿ ಮುಗಿಸಿದರು. ವಾರಾಂತ್ಯ, ಹಬ್ಬದ ರಜೆ, ಬೇರೆ ಬ್ರಾಂಚಿಗೆ ಕಳಿಸುವುದು, ಆನ್ ಕಾಲ್, ನೀವು ಮೊದಲೇ ಹೇಳಿದ ರಜೆಗಳು, ಎಲ್ಲವೂ ಬರಹದಲ್ಲೇ ಇರಲಿ. ಯುಗಾದಿಗೆ ಊರಿಗೆ ಹೋಗುವ ಟಿಕೆಟ್ ಮಾಡಿಸಿದ್ದರೆ ಇಂಟರ್‌ವ್ಯೂನಲ್ಲೇ ಹೇಳಿಬಿಡಿ. ಸಹಿ ಆದ ಮೇಲೆ ಕೇಳುವುದು ಕಷ್ಟ.

ತೆರಿಗೆ ಇಲ್ಲದ ದುಡ್ಡಿಗೆ ಒಂದು ಷರತ್ತು

ಸ್ಟೈಪೆಂಡಿಗೆ ತೆರಿಗೆ ಇಲ್ಲ ಅನ್ನುವುದು ನಿಮಗೆ "ಟ್ಯಾಕ್ಸ್ ಹೋಮ್" ಇದ್ದರೆ ಮಾತ್ರ. ಐಆರ್‌ಎಸ್ (ತೆರಿಗೆ ಇಲಾಖೆ) ನೋಡುವುದು ಇಷ್ಟು: ನಿಮ್ಮ ಮನೆ ಇರುವ ಊರಿನಲ್ಲಿ ನೀವು ಆಗಾಗ ದುಡಿಯುತ್ತೀರಾ, ದೂರ ಇರುವಾಗಲೂ ಆ ಮನೆಗೆ ಖರ್ಚು ಮಾಡುತ್ತಾ ಎರಡೆರಡು ಕಡೆ ಬಾಡಿಗೆ ಹೊರುತ್ತಿದ್ದೀರಾ, ಆ ಊರಿನ ನಂಟು ಉಳಿಸಿಕೊಂಡಿದ್ದೀರಾ. ಡಲ್ಲಾಸ್ ಹತ್ತಿರ ಸಂಸಾರದ ಮನೆ, ಮಕ್ಕಳ ಸ್ಕೂಲು, ಅಲ್ಲಿನ ಆಸ್ಪತ್ರೆಯಲ್ಲಿ ಆಗಾಗ ಪಾಳಿ, ಇಷ್ಟಿದ್ದು ಮಧ್ಯೆ ಕ್ಯಾನ್ಸಸ್‌ಗೆ 13 ವಾರ ಹೋದರೆ ನೀವು ಗಟ್ಟಿ ನೆಲದ ಮೇಲಿದ್ದೀರಿ. ಅಪಾರ್ಟ್‌ಮೆಂಟ್ ಖಾಲಿ ಮಾಡಿ, ಸಾಮಾನನ್ನು ಸ್ಟೋರೇಜಿಗೆ ಹಾಕಿ, ಗೆಳೆಯರ ಮನೆ ವಿಳಾಸ ಕೊಟ್ಟು ಊರೂರು ಸುತ್ತುವವರಿಗೆ ಈ ವಿನಾಯಿತಿ ಇಲ್ಲ. ಅವರ ಸ್ಟೈಪೆಂಡಿಗೂ ತೆರಿಗೆ ಬೀಳುತ್ತದೆ.

"ಮನೆಯಿಂದ 50 ಮೈಲಿ ದೂರ ಇದ್ದರೆ ಸಾಕು" ಅಂತ ರಿಕ್ರೂಟರುಗಳು ಹೇಳುವುದುಂಟು. ಅದು ಏಜೆನ್ಸಿ ಅಥವಾ ಆಸ್ಪತ್ರೆ ಇಟ್ಟುಕೊಂಡ ಗೆರೆ. ತೆರಿಗೆ ಕಾನೂನು ನೋಡುವುದು ಕೆಲಸಕ್ಕಾಗಿ ಮನೆಯಿಂದ ದೂರ ಉಳಿದು ಮಲಗಲೇಬೇಕಾದ ಪರಿಸ್ಥಿತಿ ಇದೆಯಾ ಎಂದು. ಸ್ಟೈಪೆಂಡ್ ಎಷ್ಟರವರೆಗೆ ಕೊಡಬಹುದು ಅನ್ನುವುದಕ್ಕೆ ಏಜೆನ್ಸಿಗಳು ಜಿಎಸ್‌ಎ ಎಂಬ ಸರ್ಕಾರಿ ಸಂಸ್ಥೆಯ ದರಪಟ್ಟಿ ನೋಡುತ್ತವೆ. ಊರಿಗೊಂದು ದರ, ಪ್ರತಿ ಅಕ್ಟೋಬರಿಗೆ ಹೊಸ ಪಟ್ಟಿ, ಯಾರು ಬೇಕಾದರೂ ಆನ್‌ಲೈನಿನಲ್ಲಿ ನೋಡಬಹುದು. ನೋಡಿಕೊಂಡೇ ಚೌಕಾಸಿಗೆ ಇಳಿಯಿರಿ.

ಆದರೆ ಸ್ಟೈಪೆಂಡನ್ನು ಮೇಲೇರಿಸಿ ಸಂಬಳವನ್ನು ತೀರಾ ಕೆಳಗಿಳಿಸಿಕೊಳ್ಳುವುದು ಜಾಣತನ ಅಂತ ನನಗೆ ಅನ್ನಿಸುವುದಿಲ್ಲ. ನಾಳೆ ಮನೆ ಸಾಲಕ್ಕೆ ಹೋದರೆ ಬ್ಯಾಂಕಿನವರು ಮುಖ್ಯವಾಗಿ ತೆರಿಗೆ ಬಿದ್ದ ಆದಾಯವನ್ನೇ ನೋಡುತ್ತಾರೆ. ಸೋಷಿಯಲ್ ಸೆಕ್ಯುರಿಟಿಗೂ ಅದೇ ಲೆಕ್ಕ. ಇನ್ನೊಂದು ವಿಷಯ, ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲದಿದ್ದರೂ ಕ್ಯಾಲಿಫೋರ್ನಿಯಾದಲ್ಲಿ ದುಡಿದದ್ದಕ್ಕೆ ಕ್ಯಾಲಿಫೋರ್ನಿಯಾಕ್ಕೆ ಕಟ್ಟಬೇಕು. ವರ್ಷಕ್ಕೆ ಮೂರು ರಾಜ್ಯ ಸುತ್ತಿದರೆ ಮೂರು ರಾಜ್ಯದ ರಿಟರ್ನ್ ಬೇಕಾಗಬಹುದು. ಟ್ರಾವೆಲರ್‌ಗಳ ಲೆಕ್ಕ ಗೊತ್ತಿರುವ ಸಿಪಿಎಗೆ (ಲೆಕ್ಕಪರಿಶೋಧಕರಿಗೆ) ಕೊಡಿ.

ಇಂಟರ್‌ವ್ಯೂ, ಕಾಗದ, ಮನೆ

ಇಂಟರ್‌ವ್ಯೂ ಸಾಮಾನ್ಯವಾಗಿ ಫೋನಿನಲ್ಲಿ, 15-20 ನಿಮಿಷ. ಅವರು ನಿಮ್ಮನ್ನು ಕೇಳುವುದು ಕಡಿಮೆ, ನೀವೇ ಕೇಳಿ. ಟ್ರೇನಿಂಗ್ ಎಷ್ಟು ದಿನ? ನನ್ನ ಪಾಳಿಯಲ್ಲಿ ಎಷ್ಟು ಜನ? ರಾತ್ರಿ ಬ್ಲಡ್ ಬ್ಯಾಂಕ್‌ ಒಬ್ಬಳೇ ನೋಡಬೇಕಾ? ಈಗ ಬೇರೆ ಟ್ರಾವೆಲರ್‌ಗಳು ಇದ್ದಾರಾ, ಅವಧಿ ಮುಂದುವರಿಸಿದ್ದಾರಾ? ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಲ್ಯಾಬಿನ ಜಾತಕ ಇರುತ್ತದೆ.

ಆಮೇಲೆ ಕಾಗದದ ರಾಶಿ. ಎಂಎಂಆರ್, ಚಿಕನ್‌ಪಾಕ್ಸ್, ಹೆಪಟೈಟಿಸ್ ಬಿ ಟೈಟರ್, ಟಿಬಿ ಟೆಸ್ಟ್, ಟಿಡ್ಯಾಪ್, ಫ್ಲೂ ಲಸಿಕೆ, ಡ್ರಗ್ ಸ್ಕ್ರೀನ್, ಹಿನ್ನೆಲೆ ತಪಾಸಣೆ, ಎನ್95 ಫಿಟ್ ಟೆಸ್ಟ್, ಬಣ್ಣಗುರುಡು ಪರೀಕ್ಷೆ. ಇಂಡಿಯಾದಲ್ಲಿ ಬಿಸಿಜಿ ಹಾಕಿಸಿಕೊಂಡವರಿಗೆ ಚರ್ಮದ ಟಿಬಿ ಟೆಸ್ಟ್ ಸುಳ್ಳು ಪಾಸಿಟಿವ್ ಬರಬಹುದು, ಆಗ ಎಕ್ಸ್‌ರೇ, ಡಾಕ್ಟರು ಅಂತ ಒಂದು ವಾರ ಹೋಗುತ್ತದೆ. ಮೊದಲೇ ಕ್ವಾಂಟಿಫೆರಾನ್ ರಕ್ತ ಪರೀಕ್ಷೆ ಮಾಡಿಸುತ್ತೇನೆ ಅನ್ನಿ.

ಮನೆಗೆ ಫರ್ನಿಶ್ಡ್ ಫೈಂಡರ್‌ನಂಥ ಜಾಲತಾಣಗಳಿವೆ. ನೋಡದ ಮನೆಗೆ ಮುಂಗಡ ಕಳಿಸಬೇಡಿ, ವಿಡಿಯೋ ಕಾಲ್‌ನಲ್ಲಾದರೂ ತೋರಿಸಲು ಹೇಳಿ. ಕಾಂಟ್ರಾಕ್ಟ್ ಮಧ್ಯದಲ್ಲೇ ರದ್ದಾದರೆ ಮನೆ ಬಿಡುವ ಅವಕಾಶ ಇರಬೇಕು, ತಿಂಗಳ ಲೆಕ್ಕದ ಬಾಡಿಗೆಯೇ ಒಳ್ಳೆಯದು. ಮೊದಲ ವಾರ ಅಡುಗೆಮನೆ ಇರುವ ಹೋಟೆಲಿನಲ್ಲಿ ಇದ್ದು ಆಮೇಲೆ ಹುಡುಕುವವರೂ ಇದ್ದಾರೆ. ಒಗ್ಗರಣೆ ಹಾಕುವಾಗ ಅಲ್ಲಿನ ಹೊಗೆ ಅಲಾರಂ ಮೇಲೆ ಒಂದು ಕಣ್ಣಿಡಿ. ಸಣ್ಣ ಕುಕ್ಕರ್, ಸಾರಿನ ಪುಡಿ, ರಾಗಿ ಹಿಟ್ಟು ಕಾರಿನಲ್ಲೇ ಹೋಗಲಿ. ಇಂಡಿಯನ್ ಅಂಗಡಿ ಎರಡು ಗಂಟೆ ದೂರ ಇರುವ ಊರುಗಳಿಗೇ ಟ್ರಾವೆಲರ್‌ಗಳು ಜಾಸ್ತಿ ಬೇಕಾಗುವುದು.

ಮೊದಲ ವಾರ ಲ್ಯಾಬಿನಲ್ಲಿ

ಮೆಷೀನ್ ಕಲಿಯುವುದು ಸುಲಭ. ಸಿಸ್‌ಮೆಕ್ಸ್ ಎಲ್ಲಿಟ್ಟರೂ ಸಿಸ್‌ಮೆಕ್ಸೇ. ಬದಲಾಗುವುದು ಆ ಲ್ಯಾಬಿನ ರೂಢಿ, ನೀವು ಕಲಿಯಬೇಕಾದ್ದು ಅದನ್ನು. ಕೆಲವು ಕಡೆ ಎರಡು-ಮೂರು ದಿನ ತೋರಿಸಿ ಬೆಂಚಿಗೆ ನಿಲ್ಲಿಸುತ್ತಾರೆ, ಹಾಗಾಗಿ ಏನು ನೋಡಬೇಕು ಅಂತ ನಿಮಗೇ ಗೊತ್ತಿರಬೇಕು.

ಒಂದು ಉದಾಹರಣೆ. ರಾತ್ರಿ ಎಮರ್ಜೆನ್ಸಿಯಿಂದ ಒಂದು ಕೆಮಿಸ್ಟ್ರಿ ಟ್ಯೂಬ್ ಬರುತ್ತದೆ. ಪೊಟ್ಯಾಸಿಯಂ 8.4, ವಿಪರೀತ ಜಾಸ್ತಿ. ಸೀರಮ್ ತಿಳಿಯಾಗಿದೆ, ಹೀಮೊಲಿಸಿಸ್ (ಕೆಂಪು ಕಣ ಒಡೆಯುವುದು) ಇಲ್ಲ. ಕ್ಯಾಲ್ಸಿಯಂ ನೋಡಿದರೆ 4.1, ತೀರಾ ಕಡಿಮೆ, ಆಲ್ಕಲೈನ್ ಫಾಸ್ಫಟೇಸ್ ಅನ್ನುವ ಕಿಣ್ವವೂ ನೆಲ ಕಚ್ಚಿದೆ. ಅನುಭವ ಇರುವ ಟೆಕ್‌ಗೆ ಮೊದಲು ಅನುಮಾನ ಬರುವುದು ನೇರಳೆ ಮುಚ್ಚಳದ ಟ್ಯೂಬಿನ ರಕ್ತ ಇದಕ್ಕೆ ಸೇರಿದೆ ಎಂದು. ಆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಇಡಿಟಿಎ ಪೊಟ್ಯಾಸಿಯಂ ಲವಣ, ಅದು ಕ್ಯಾಲ್ಸಿಯಮ್ಮನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಆ ಕಿಣ್ವಕ್ಕೆ ಬೇಕಾದ ಸತುವನ್ನೂ ಬಿಡುವುದಿಲ್ಲ. ಇಷ್ಟು ಎಲ್ಲ ಊರಿನಲ್ಲೂ ಒಂದೇ. ಮುಂದೇನು? ಒಂದು ಲ್ಯಾಬಿನಲ್ಲಿ ನೀವೇ ರದ್ದು ಮಾಡಿ ಹೊಸ ಸ್ಯಾಂಪಲ್ ಕೇಳಬಹುದು. ಇನ್ನೊಂದರಲ್ಲಿ ನರ್ಸಿಗೆ ಫೋನ್ ಮಾಡಿ ಅವರ ಹೆಸರು, ಸಮಯ ದಾಖಲಿಸದೆ ರದ್ದು ಮಾಡುವ ಹಾಗಿಲ್ಲ. ಮತ್ತೊಂದು ಕಡೆ ಅದಕ್ಕೆಂದೇ ಕಾಮೆಂಟ್ ಕೋಡ್ ಇರುತ್ತದೆ, ಅದನ್ನು ಹಾಕದಿದ್ದರೆ ಬೆಳಿಗ್ಗೆ ಸೂಪರ್‌ವೈಸರ್ ಕರೆಯುತ್ತಾರೆ. ಆ ರಾತ್ರಿ ಕೈಪಿಡಿ ಹುಡುಕುತ್ತಾ ಕೂರುವುದಕ್ಕಿಂತ ಮೊದಲ ವಾರವೇ ಈ ಪ್ರಶ್ನೆ ಕೇಳಿಟ್ಟುಕೊಳ್ಳಿ.

ಇದೇ ಥರ ಕೇಳಬೇಕಾದ್ದು ಇನ್ನೂ ಇವೆ. ಕ್ರಿಟಿಕಲ್ ಮೌಲ್ಯಗಳ (ಕೂಡಲೇ ಫೋನ್ ಮಾಡಿ ತಿಳಿಸಬೇಕಾದ ಅಪಾಯದ ಅಂಕಿಗಳ) ಪಟ್ಟಿ ಪ್ರತಿ ಲ್ಯಾಬಿನಲ್ಲೂ ಬೇರೆ, ಎಷ್ಟು ನಿಮಿಷದೊಳಗೆ ತಿಳಿಸಬೇಕು ಅನ್ನುವುದೂ ಬೇರೆ. ಪ್ಲೇಟ್‌ಲೆಟ್ ಗುಂಪುಗೂಡಿದ್ದರೆ ನೀಲಿ ಟ್ಯೂಬಿನಲ್ಲಿ ಮತ್ತೆ ತರಿಸಿ 1.1ರಿಂದ ಗುಣಿಸುತ್ತಾರಾ, ಅಥವಾ ಸ್ಲೈಡ್ ನೋಡಿ ಅಂದಾಜು ಬರೆದರೆ ಸಾಕಾ? ಎಂಸಿಎಚ್‌ಸಿ ವಿಪರೀತ ಮೇಲೆ ಹೋದಾಗ 37 ಡಿಗ್ರಿಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಹಾಕುವುದು ಎಷ್ಟರ ಮೇಲೆ? ಕಂಪ್ಯೂಟರ್ ನಿಂತರೆ ಉಪಯೋಗಿಸುವ ಕಾಗದದ ಫಾರಂ ಯಾವ ಡ್ರಾಯರಿನಲ್ಲಿ?

ಬ್ಲಡ್ ಬ್ಯಾಂಕಿನಲ್ಲಿ ಕೇಳಿ ತಿಳಿದರೆ ಸಾಲದು, ಕೈಯಿಂದ ಮುಟ್ಟಿ ನೋಡಿ. ಓ ನೆಗೆಟಿವ್ ಚೀಲಗಳು ಯಾವ ಶೆಲ್ಫಿನಲ್ಲಿ, ಪ್ಲಾಸ್ಮಾ ಕರಗಿಸುವ ಯಂತ್ರ ಹೇಗೆ ಶುರುವಾಗುತ್ತದೆ, ಕ್ರಾಸ್‌ಮ್ಯಾಚ್ ಆಗದ ರಕ್ತ ತುರ್ತಾಗಿ ಕೊಡುವಾಗ ಡಾಕ್ಟರ್ ಸಹಿಯ ಫಾರಂ ಎಲ್ಲಿದೆ, ಹೊಸ ರೋಗಿಗೆ ಎರಡನೇ ಸ್ಯಾಂಪಲ್‌ನಿಂದ ಗುಂಪು ಖಚಿತಪಡಿಸಬೇಕಾ. ಭಾರಿ ರಕ್ತಸ್ರಾವದ ಕರೆ ಬಂದಾಗ ಕಲಿಯುವ ವಿಷಯಗಳಲ್ಲ ಇವು. ತೋರಿಸದೆ ಒಬ್ಬರೇ ನಿಲ್ಲಿ ಅಂದರೆ ನಿಲ್ಲಬೇಡಿ. "ಇನ್ನೂ ಒಂದು ಪಾಳಿ ಜೊತೆಗಿರಲಿ" ಅಂತ ಮ್ಯಾನೇಜರ್‌ಗೆ ಇ-ಮೇಲ್ ಮಾಡಿ, ರಿಕ್ರೂಟರ್‌ಗೂ ಪ್ರತಿ ಕಳಿಸಿ.

ಟ್ರೇನಿಂಗ್ ಚೆಕ್‌ಲಿಸ್ಟಿನಲ್ಲಿ ನಿಜವಾಗಿ ಮಾಡಿದ್ದಕ್ಕೆ ಮಾತ್ರ ಸಹಿ ಹಾಕಿ. ಸಿಎಲ್‌ಐಎ ಕೇಳುವ ಕಾಂಪಿಟೆನ್ಸಿ ಪರೀಕ್ಷೆಯಲ್ಲಿ ಆರು ಅಂಶಗಳಿವೆ, ಮೊದಲ ವರ್ಷ ಎರಡು ಸಲ ಮಾಡಬೇಕು. ಟ್ರಾವೆಲರ್ ಮೊದಲ ಪರೀಕ್ಷೆಗೆ ಮುಂಚೆಯೇ ಹೊರಟುಹೋಗಬಹುದು, ಆದರೆ ಟ್ರೇನಿಂಗ್ ಆದ ದಾಖಲೆ ಇಲ್ಲದೆ ರೋಗಿಯ ರಿಪೋರ್ಟ್ ಬಿಡುವ ಹಾಗಿಲ್ಲ. ತನಿಖೆಗೆ ಬಂದವರು ಕೇಳಿದರೆ ಸಹಿ ನಿಮ್ಮದು.

ಹೆಚ್ಚು ಜನ ಟ್ರಾವೆಲರ್‌ಗಳು ಯೋಚಿಸದ ಒಂದು ಅಪಾಯ ಇದೆ. ಲ್ಯಾಬಿನ ಗುಣಮಟ್ಟ ಪರೀಕ್ಷಿಸಲು ಹೊರಗಿನಿಂದ ಕಳಿಸುವ ಪ್ರೊಫಿಷಿಯನ್ಸಿ ಸ್ಯಾಂಪಲ್‌ಗಳು ಹಲವು ಲ್ಯಾಬುಗಳಿಗೆ ಒಂದೇ ಹೊತ್ತಿಗೆ ಬಂದಿರುತ್ತವೆ. ನಿಮಗೆ ಹಿಂದಿನ ಲ್ಯಾಬಿನಲ್ಲಿ ಗೆಳೆಯರಿರುತ್ತಾರೆ. "ಆ ಸ್ಲೈಡಿಗೆ ನೀವೇನು ಬರೆದಿರಿ?" ಅಂತ ಒಂದು ವಾಟ್ಸಾಪ್ ಮೆಸೇಜ್ ಹೋಯಿತೋ, ಮುಗೀತು. ಫಲಿತಾಂಶ ಸಲ್ಲಿಸುವ ಕೊನೆಯ ದಿನ ಮುಗಿಯುವವರೆಗೆ ಬೇರೆ ಲ್ಯಾಬಿನವರೊಂದಿಗೆ ಅದರ ಮಾತೇ ಆಡುವಂತಿಲ್ಲ. ಆ ಸ್ಯಾಂಪಲನ್ನು ಬೇಕೆಂದೇ ಬೇರೆ ಲ್ಯಾಬಿಗೆ ಕಳಿಸಿ ಮಾಡಿಸಿದರಂತೂ ಲ್ಯಾಬಿನ ಸರ್ಟಿಫಿಕೇಟೇ ರದ್ದಾಗಬಹುದು.

ಜೊತೆಯಲ್ಲಿರುವವರ ಬಗ್ಗೆ ಒಂದು ಮಾತು. ಖಾಯಂ ಟೆಕ್‌ಗಳಿಗೆ ನಿಮ್ಮ ಸಂಬಳ ಅವರದ್ದಕ್ಕಿಂತ ಜಾಸ್ತಿ ಅಂತ ಗೊತ್ತಿರುತ್ತದೆ. "ನಮ್ಮ ಹಿಂದಿನ ಆಸ್ಪತ್ರೆಯಲ್ಲಿ ಹೀಗಲ್ಲ" ಅನ್ನುವ ಮಾತನ್ನು ಬಾಯಿಗೇ ತರಬೇಡಿ. ದುಡ್ಡಿನ ವಿಷಯವೂ ಬೇಡ. ಮೆಂಟೆನೆನ್ಸ್, ರೀಏಜೆಂಟ್ ತುಂಬುವುದು, ಕಸದ ಡಬ್ಬ ಬದಲಿಸುವುದು ಇಂಥ ಯಾರಿಗೂ ಬೇಡದ ಕೆಲಸವನ್ನು ಕೇಳದೆಯೇ ಮಾಡಿ. ಪಾಟ್‌ಲಕ್ ಇದ್ದರೆ ಒಂದು ಡಬ್ಬಿ ಚಿತ್ರಾನ್ನ ಒಯ್ಯಿರಿ, ಖಾರ ಸ್ವಲ್ಪ ಕಡಿಮೆ ಮಾಡಿ.

ಮುಂದುವರಿಸುವುದಾ, ಹೊರಡುವುದಾ

ಎಂಟು-ಒಂಬತ್ತನೇ ವಾರಕ್ಕೆ ಅವಧಿ ಮುಂದುವರಿಸುವ ಮಾತು ಬರುತ್ತದೆ. ದರ ಹೆಚ್ಚಿಸಿ ಅಂತ ಕೇಳಲು ಇದೇ ಸಮಯ, ಈಗ ನಿಮಗೆ ಹೊಸದಾಗಿ ಕಲಿಸುವ ಖರ್ಚು ಅವರಿಗಿಲ್ಲ. ಆದರೆ ವರ್ಷದ ಲೆಕ್ಕ ಇಡಿ. ನಾಲ್ಕು ಸಲ 13 ವಾರ ಅಂದರೆ 52 ವಾರ. ಒಂದೇ ಪ್ರದೇಶದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇರುತ್ತೇನೆ ಅಂತ ನಿಮಗೆ ಗೊತ್ತಾದ ಹೊತ್ತಿನಿಂದಲೇ ಅದು ತಾತ್ಕಾಲಿಕ ಕೆಲಸ ಅಲ್ಲ, ಸ್ಟೈಪೆಂಡಿಗೆ ತೆರಿಗೆ ಶುರು. ವರ್ಷ ತುಂಬಿದ ಮೇಲೆ ಅಲ್ಲ, ಗೊತ್ತಾದಾಗಿನಿಂದ. ನಾಲ್ಕನೇ ಸಲ ಮುಂದುವರಿಸುವ ಮುಂಚೆ ಸಿಪಿಎಗೆ ಫೋನ್ ಮಾಡಿ.

ಹೊರಡುವುದಾದರೆ ಕೊನೆಯ ವಾರ ಟ್ರೇನಿಂಗ್ ದಾಖಲೆ, ಕಾಂಪಿಟೆನ್ಸಿ ಫಾರಂಗಳ ಪ್ರತಿ ಕೇಳಿ ಪಡೆಯಿರಿ. ಮುಂದಿನ ಏಜೆನ್ಸಿ ಕೇಳುತ್ತದೆ, ಆರು ತಿಂಗಳ ಮೇಲೆ ಆ ಮ್ಯಾನೇಜರೇ ಅಲ್ಲಿರದೇ ಇರಬಹುದು. ಸೂಪರ್‌ವೈಸರ್‌ರಿಂದ ಸಹಿ ಮಾಡಿದ ಮೌಲ್ಯಮಾಪನ ಇನ್ನೂ ಅಲ್ಲೇ ಇರುವಾಗ ತೆಗೆದುಕೊಳ್ಳಿ. ಬ್ಯಾಡ್ಜ್, ಪಾರ್ಕಿಂಗ್ ಕಾರ್ಡ್ ವಾಪಸ್ ಕೊಟ್ಟದ್ದಕ್ಕೆ ಇ-ಮೇಲಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ, ಇಲ್ಲದಿದ್ದರೆ ಕೊನೆಯ ಚೆಕ್ಕಿನಲ್ಲಿ ಅದರ ದುಡ್ಡು ಹಿಡಿದುಕೊಂಡು ಕಾಡಿಸುತ್ತಾರೆ. ಡಬ್ಲ್ಯೂ-2 (ವರ್ಷದ ಸಂಬಳ, ತೆರಿಗೆ ಕಡಿತದ ಫಾರಂ) ಬರುವುದು ಜನವರಿ ಹೊತ್ತಿಗೆ, ಆಗ ನೀವು ಇನ್ಯಾವುದೋ ರಾಜ್ಯದಲ್ಲಿರುತ್ತೀರಿ. ಏಜೆನ್ಸಿಗೆ ಮನೆಯ ವಿಳಾಸವನ್ನೇ ಕೊಟ್ಟಿರಿ.